ಹಲಸಿನ ಬೊಡ್ಡೆ ಅಲುಗಲಿಲ್ಲ, ಬಾವಿ ಅಲುಗಿತು

ಹ್ವಾಯ್, ಇಲ್ಕಾಣಿ,

ಪೂಜೆ ಮುಗಿಸಿ ಬಂದವರು ಕಾಫಿಗೂ ಮೊದಲು ಇದನ್ನು ಓದಿ. ನಾನು ಬರುವವರೆಗೆ, ಮರ ಕಡಿದ ಮೇಲೆ ಉಳಿದ ಆ ಹಲಸಿನ ಬೊಡ್ಡೆಯನ್ನು ಟ್ರ್ಯಾಕ್ಟರಿನಿಂದ ಎಳೆಸಬೇಡಿ.

ನಿನ್ನೆ ಟ್ರ್ಯಾಕ್ಟರಿನ ಮುಂದಿನ ಗಾಲಿ ಮೇಲೆದ್ದಾಗ ನೀವೆಲ್ಲ ಬೊಡ್ಡೆಯನ್ನೇ ನೋಡುತ್ತಿದ್ದಿರಿ. ನಾನು ನೀರು ಸೇದುತ್ತಿದ್ದೆ. ಬೊಡ್ಡೆ ಜಪ್ಪಯ್ಯ ಅನ್ನಲಿಲ್ಲ, ಬಾವಿಯ ನೀರು ಅಲುಗಿತು! ಹೇಳಿದರೆ ಡ್ರೈವರ್ ಗುರುಪ್ರಸಾದ, "ಇಂಜಿನ್ ಸದ್ದಿಗ್ ಹಾಂಗ್ ಆತ್ತ್ ಅಕ್ಕ" ಎಂದ. ನೀವೂ ತಲೆಯಾಡಿಸಿದಿರಿ.

ನನಗೆ ಸಮಾಧಾನವಾಗಲಿಲ್ಲ. ಬೆಳಿಗ್ಗೆ ನಮ್ಮ ಮಗಳನ್ನು ಬಾವಿಕಟ್ಟೆಯ ಬಳಿ ನಿಲ್ಲಿಸಿ, ಆ ಬದಿಯ ದೊಡ್ಡ ಬೇರನ್ನು ಹಾರೆಯಿಂದ ಮೀಟಿದೆ. "ಅಮ್ಮಾ, ಕಲ್ಲಿನ್ ಸಂದಿಂದ ಮಣ್ಣ್ ಬಿತ್ತ್ ಕಾಣ್!" ಎಂದು ಸಿಂಚನಾ ಕೂಗಿದಳು. ಮೂರು ಸಲ ಮೀಟಿದೆ, ಮೂರು ಸಲವೂ ಬಿತ್ತು. ಆ ಬೇರು ಬಾವಿಯ ಗೋಡೆಯೊಳಗೇ ಹೊಕ್ಕಿದೆ. ಕಡುಬೇಸಿಗೆಯಲ್ಲೂ ಆ ಮರ ಅಷ್ಟು ಹಣ್ಣು ಹೇಗೆ ಬಿಡುತ್ತಿತ್ತು ಎಂದು ಈಗ ತಿಳಿಯಿತು. ಹಾಗೇ ಎಳೆಸಿದರೆ ಬೊಡ್ಡೆಯ ಜೊತೆ ಬಾವಿಯ ಗೋಡೆಯೂ ಬರುತ್ತದೆ.

ಮೊದಲು ಆ ಬೇರನ್ನು ಕಡಿಯಬೇಕು. ಗುರುಪ್ರಸಾದನೇ ಕಡಿಯಲಿ, ನಿಮ್ಮ ಸೊಂಟಕ್ಕೆ ಕೊಡಲಿ ಆಗದು. ಆದರೆ ಅದು ಬಾವಿಯೊಳಗೆ ಎಲ್ಲಿ ಮೂತಿ ಇಟ್ಟಿದೆ ಎಂದು ನಾನು ನೋಡಲೇಬೇಕು, ಕಾಯಿರಿ.

ಗಂಜಿ ಒಲೆಯ ಮೇಲಿದೆ, ಉಪ್ಪು ಹಾಕಿಲ್ಲ.

ನೀವು ಕಾಯುವವರಲ್ಲ ಎಂದು ನನಗೆ ಗೊತ್ತು. ಅಂಗಳದಲ್ಲಿರುವ ಟ್ರ್ಯಾಕ್ಟರಿಗೆ ಸರಪಳಿ ಸಿಕ್ಕಿಸುವ ಪಿನ್ನನ್ನು ಹುಡುಕಬೇಡಿ. ಅದು ನನ್ನ ಕೈಚೀಲದಲ್ಲಿ ಕುಂದಾಪುರಕ್ಕೆ ಹೊರಟಿದೆ. ಹನ್ನೆರಡರ ಬಸ್ಸಿಗೆ ನಾನೂ ಪಿನ್ನೂ ಇಬ್ಬರೂ ಬರುತ್ತೇವೆ.

ಪದ್ಮಾಕ್ಷಿ