ಶೆಲ್ ಕೊರೆಯುವ ಲೇತಿನಿಂದ ನೀರು

ಮಾರ್ಚ್ ೧೪, ಗುರುವಾರ

ನಿದ್ದೆ ಹತ್ತಿರ ಸುಳಿಯುತ್ತಿಲ್ಲ. ಯುದ್ಧ ನಿಂತರೆ ನಮ್ಮ ಒಲೆಯೂ ಆರುತ್ತದೆಂದು ನಮ್ಮ ಫಿರಂಗಿ ಗುಂಡಿನ ಕಾರ್ಖಾನೆಯ ಮ್ಯಾನೇಜರ್ ಹೆದರಿಸುತ್ತಲೇ ಬಂದಿದ್ದಾನೆ. ಇವತ್ತು ಫಿರಂಗಿಯ ಶೆಲ್ ಕೊರೆಯುವ ಲೇತಿನಲ್ಲೇ ಸೋದರಮಾವ ಕೈಪಂಪಿನ ಸಿಲಿಂಡರ್ ಕೊರೆದರು! ಶೆಲ್ ಕೊರೆದೇ ಮೂವತ್ತು ವರ್ಷದ ಅಭ್ಯಾಸ. ಮೊದಲನೆಯದಕ್ಕೆ ಶೆಲ್ಲಿಗೆ ಮಾತ್ರ ಬೇಕಾದ ತಾಮ್ರಪಟ್ಟಿ ಕೂರಿಸುವ ಕಚ್ಚನ್ನೂ ಹಾಕಿಬಿಟ್ಟರು.

"ಮಾವ, ನೀರನ್ನ ಯಾರ ಮೇಲೆ ಹಾರಿಸ್ತೀರ?" ಎಂದೆ.

"ಮೊದ್ಲು ಆ ಮ್ಯಾನೇಜರ್ ಮೇಲೆ ಕಣೇ!"

ಎರಡನೆಯದು ನೀರೆತ್ತಿತು. ಬಕೆಟ್ ತುಂಬಿದಾಗ ಇಡೀ ಶೆಡ್ಡು ಕೇಕೆ ಹಾಕಿತು. ಯಾರದೋ ಮಕ್ಕಳ ಹೆಣ ಬಿದ್ದರೇ ನಮ್ಮ ಮಕ್ಕಳಿಗೆ ಅನ್ನ ಎಂಬುದು ಹಸಿ ಸುಳ್ಳು; ಇದೇ ಲೇತಿನಲ್ಲಿ ಪಂಪು ಮಾಡಿ ಮಾರಿಯೂ ಬದುಕಬಹುದು. ಹೊಸ ಶೆಲ್ ಆರ್ಡರ್ ಬೇಕೋ ಬೇಡವೋ ಎಂದು ನಾಳೆ ಗೇಟಿನಲ್ಲಿ ಕೆಲಸಗಾರರೆಲ್ಲರ ಕೈ ಎತ್ತಿಸಿ ಮತ ಕೇಳುತ್ತಾರೆ. ನಾನು ಭಾಷಣ ಮಾಡುವುದಿಲ್ಲ. ಪಂಪಿನ ಹಿಡಿಯನ್ನು ಮ್ಯಾನೇಜರ್ ಕೈಗೇ ಕೊಟ್ಟು, "ಒತ್ತಿ ಸ್ವಾಮಿ, ಇದು ಒಲೆ ಆರಿಸೋ ನೀರೋ, ಒಲೆ ಮೇಲಿಡೋ ನೀರೋ ನೋಡೋಣ" ಅನ್ನುತ್ತೇನೆ. ಆಗ ಅವನ ಮುಖ ನೋಡಬೇಕು!