ಬೇವಿನ ಗಿಡದಿಂದ ಬಲಕ್ಕೆ

ನವಲಗುಂದ
೩-೨-೧೯೮೬, ಸೋಮವಾರ

ಶ್ರೀಮತಿ ಭೀಮಾಬಾಯಿಯವರಿಗೆ,

ಇವತ್ತು ನಿನ್ನನ್ನು ‘ರೀ’ ಹಚ್ಚಿಯೇ ಮಾತಾಡಿಸಬೇಕೆಂದು ಕೂತೆ. ಮೇಲಿನ ಒಂದು ಸಾಲು ಬರೆಯುವಷ್ಟರಲ್ಲಿ ಕೈ ಸೋತಿತು. ಇರಲಿ, ‘ನೀನು’ ಅಂತಲೇ ಬರೆಯುತ್ತೇನೆ. ಆದರೆ ‘ಪ್ರೀತಿಯ’ ಎಂಬ ಮಾತು ಇವತ್ತು ನನ್ನಿಂದ ಆಗದು. ಕ್ಷೇಮವೆಂದು ಬರೆಯುವುದು ರೂಢಿ; ನಾನು ಕ್ಷೇಮವಾಗಿಲ್ಲ.

ನಿನ್ನೆ ರವಿವಾರ ನೀನು ನವಲಗುಂದಕ್ಕೆ ಬಂದಿದ್ದೆ. ನಾನು ನೋಡಿದೆ.

ಶಲವಡಿಯಲ್ಲಿ ನಾದಿನಿಯ ಕೂಸಿನ ತೊಟ್ಟಿಲ ಕಾರ್ಯ ಇದೆ, ಸೋಮವಾರದವರೆಗೆ ಬರುವುದಿಲ್ಲ ಎಂದು ನಾನೇ ನಿನಗೆ ಹಿಂದಿನ ವಾರ ಕಾರ್ಡು ಹಾಕಿದ್ದೆ. ಕೂಸಿಗೆ ಜ್ವರ ಬಂದು ಕಾರ್ಯ ಮುಂದಕ್ಕೆ ಹೋಯಿತು. ಮುಂಜಾನೆಯ ಮೊದಲ ಬಸ್ಸಿಗೇ ಹೊರಟು ಬಂದೆವು. ಇಳಿದು ನೋಡುತ್ತೇನೆ, ಬಸ್‌ಸ್ಟ್ಯಾಂಡಿನ ಬಾಜೂಕ ಧಾರವಾಡದ ಟೆಂಪೋ ನಿಂತಿದೆ, ಅದರ ಮುಂದೆ ಹದಿನೈದಿಪ್ಪತ್ತು ಹೆಂಗಸರು, ಅವರ ನಡುವೆ ಹಸಿರು ಇಳಕಲ್ ಸೀರೆಯ ಬೆನ್ನು. ಮುಖ ಕಾಣಲಿಲ್ಲ. ನಿನ್ನ ಬೆನ್ನನ್ನು ಗುರುತಿಸಲು ನನಗೆ ಮುಖ ಬೇಕೇ?

ಕೂಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಒಬ್ಬಾಕೆ ಕೊಡೆ ಬಿಚ್ಚಿ ನಿನ್ನ ತಲೆಯ ಮೇಲೆ ಹಿಡಿದಳು. ಕಪ್ಪು ಕನ್ನಡಕ, ತೋಳಿಗೆ ಜೋತಾಡುವ ಚೀಲ. ನಿನ್ನ ಪತ್ರಗಳಲ್ಲಿ ಸಾಲು ಬಿಟ್ಟು ಸಾಲಿಗೆ ಬರುವ ಸೀತಾಬಾಯಿ ಇವಳೇ ಎಂದು ತಿಳಿಯಿತು. ಮಹಿಳಾ ಮಂಡಳದ ಸೀತಾಬಾಯಿ, ಸಂಗೀತ ಬಲ್ಲ ಸೀತಾಬಾಯಿ, ಮಾವಿನಕಾಯಿ ಚಿತ್ರಾನ್ನದ ಸೀತಾಬಾಯಿ. ನಾನು ಬಾಯಿ ಮುಚ್ಚಿಕೊಂಡೆ. ನಮ್ಮವರ ಕೈಗೆ ಚೀಲ ಕೊಟ್ಟು ಮನೆಗೆ ಕಳಿಸಿ, ತಲೆತುಂಬ ಸೆರಗು ಹೊದ್ದು ನಿಮ್ಮ ಹಿಂದೆ ನಡೆದೆ. ಶಾಲೆಯಲ್ಲಿ ಪಾಠ ಹೇಳುವ ಹೆಂಗಸು, ಕಳ್ಳಿಯ ಹಾಗೆ ನನ್ನದೇ ಊರಿನಲ್ಲಿ ಗೋಡೆ ಹಿಡಿದು ನಡೆದೆ.

ಭೀಮಾ, ಊರು ತೋರಿಸುವ ಈ ನಡಿಗೆ ನಮ್ಮಿಬ್ಬರದು. ಎಂಬತ್ತರ ರೈತರ ಗಲಾಟೆಯ ನಂತರ ನವಲಗುಂದದ ಹೆಸರು ಪೇಪರಿನಲ್ಲಿ ಬಂದು, ಮರುವರ್ಷ ಟ್ರೇನಿಂಗ್ ಕಾಲೇಜಿನ ಹುಡುಗಿಯರು ಊರು ನೋಡಲು ಬಂದಾಗ, ನಮ್ಮ ಶಾಲೆಯ ಹೆಡ್‌ಬಾಯಾರು ಇಬ್ಬರನ್ನೂ ಕರೆದು ‘ನೀವು ತೋರಿಸಿಕೊಂಡು ಬರ್ರಿ’ ಎಂದರು. ನೀನು ಪುಸ್ತಕ ಓದಿ ಗುಡ್ಡದ ಕಥೆ, ಮಠದ ಕಥೆ, ಯಾವ ದೇಸಾಯಿ ಯಾವಾಗ ಇದ್ದ ಎಂಬುದನ್ನೆಲ್ಲ ತಯಾರು ಮಾಡಿಕೊಂಡೆ. ಓಣಿ ನನ್ನ ಪಾಲಿಗೆ ಬಂತು: ಯಾರ ಮನೆಯಲ್ಲಿ ಜಮಖಾನೆ ನೇಯುತ್ತಾರೆ, ಯಾವ ತಿಂಗಳಲ್ಲಿ ಎಲ್ಲಿ ಹಸಿ ಜೋಳದ ಸೀತನಿ ಸುಡುತ್ತಾರೆ, ಯಾವ ಕಟ್ಟೆಯ ಮೇಲೆ ಕೂತವರು ಖರೇ ಹೇಳುತ್ತಾರೆ. ಆಮೇಲೆ ಬ್ಯಾಂಕಿನವರು ಬಂದರು, ಹುಬ್ಬಳ್ಳಿಯವರು ಬಂದರು, ಪುಣೆಯಿಂದಲೂ ಒಮ್ಮೆ ಬಂದರು. ಎಲ್ಲ ನಡಿಗೆಗಳೂ ನಮ್ಮ ಕೇರಿಯಲ್ಲಿ, ನಮ್ಮ ಮನೆಯಲ್ಲಿ, ಅವ್ವ ಬಡಿದ ರೊಟ್ಟಿಯಲ್ಲಿ ಮುಗಿಯುತ್ತಿದ್ದವು. ಕೊನೆಯ ಊಟ ನಿಮ್ಮವ್ವ ಹನಮವ್ವನ ಮನೆಯಲ್ಲೇ ಆಗಬೇಕು ಎಂದು ಹಟ ಹಿಡಿದವಳು ನಾನಲ್ಲ, ನೀನು. ದೇಶಪಾಂಡೆಯವರ ಸೊಸೆಯಾದ ನೀನು ನಮ್ಮ ಪಡಸಾಲೆಯಲ್ಲಿ ಬುದ್ಧನ ಫೋಟೋದ ಕೆಳಗೆ ಕೂತು ರೊಟ್ಟಿಗೆ ಝುಣಕ ಹಚ್ಚಿಕೊಂಡು ಉಂಡದ್ದನ್ನು ಕೇರಿಯವರು ಬಾಗಿಲಿಗೆ ಬಂದು ನಿಂತು ನೋಡಿದ್ದರು.

ನಿನ್ನೆ ನೀನು ಭರಮಪ್ಪನ ಮಿರ್ಚಿ ಅಂಗಡಿಯ ಮುಂದೆ ನಿಂತು, ‘ಇಲ್ಲಿ ಮಿರ್ಚಿ ತಿಂದು ಅಳದವರು ನವಲಗುಂದ ನೋಡ್ಯಾರಂತ ಹೇಳಬಾರದ್ರಿ’ ಎಂದೆ. ಅದು ನನ್ನ ಮಾತು. ಸೀತಾಬಾಯಿ ನಕ್ಕು ನಕ್ಕು ನಿನ್ನ ಭುಜಕ್ಕೆ ಒರಗಿದಳು. ನಗಲಿ. ಆದರೆ ನನ್ನ ಮಾತಿಗೆ ನಿನ್ನ ಭುಜಕ್ಕೇಕೆ ಒರಗಬೇಕು?

ಅಲ್ಲಿಂದ ಜಮಖಾನೆ ಓಣಿ. ಹಲೀಮಾಬಿಯ ಸ್ವಭಾವ ನಿನಗೆ ಗೊತ್ತು. ಮದುವೆಯಾಗಿ ಹೋಗುವ ಮಗಳಿಗೂ ಮಗ್ಗದ ಕೆಲಸ ಹೇಳಿಕೊಡದ ಹೆಂಗಸು, ಮನೆಗೆ ಬಂದ ಸೊಸೆಗೆ ಮಾತ್ರ ಕಲಿಸುವಾಕೆ. ಆ ಬಾಗಿಲು ನಮಗೆ ತೆರೆಯಬೇಕಾದರೆ ನಾನು ಎಷ್ಟು ಸಲ ಹೋಗಿ ಅವಳ ಕಟ್ಟೆಯ ಮೇಲೆ ಸುಮ್ಮನೆ ಕೂತು ಬಂದಿದ್ದೆ! ನಿನ್ನೆ ಅವಳು ‘ಬರ್ರಿ ಬಾಯಾರ, ಅಗದಿ ಸೊರಗೀರಲ್ಲ’ ಎಂದು ನಿನ್ನ ಕೈ ಹಿಡಿದು ಒಳಗೆ ಕರೆದಳು. ಆಗ ನೀನು ಬಾಜೂಕ ನಿಂತವಳನ್ನು ತೋರಿಸಿ, ‘ಇವರು ಸೀತಾಬಾಯಿ, ನನ್ನ ಗೆಳತಿ’ ಎಂದೆ.

ಇಷ್ಟು ವರ್ಷ ಯಾರ ಮುಂದೆಯೂ ನೀನು ನನ್ನನ್ನು ಗೆಳತಿ ಎಂದು ಹೇಳಿಲ್ಲ. ‘ಇಕಿ ನಮ್ಮ ಸಣ್ಣವ್ವ’ ಅನ್ನುತ್ತಿದ್ದೆ. ಅದರಲ್ಲೇ ನಾನು ಹಿಗ್ಗುತ್ತಿದ್ದೆ. ನಿನ್ನೆ ಆ ಗೋಡೆಯ ಮರೆಗೆ ನಿಂತು, ಎರಡರಲ್ಲಿ ಯಾವುದು ದೊಡ್ಡದು ಎಂದು ಲೆಕ್ಕ ಹಾಕುತ್ತ ನಿಂತೆ. ಹುಚ್ಚಿ ನಾನು.

ಕಡೆಗೆ ಬೇವಿನ ಗಿಡದ ಹತ್ತಿರ ಬಂದಿರಿ. ಎಡಕ್ಕೆ ನಮ್ಮ ಕೇರಿ, ಬಲಕ್ಕೆ ಬಸ್‌ಸ್ಟ್ಯಾಂಡು. ನಾನು ಹಿಟ್ಟಿನ ಗಿರಣಿಯ ಹಿಂದೆ ಇದ್ದೆ. ಇನ್ನು ನಮ್ಮ ಮನೆಗೇ ಹೊರಟರು, ನಾನು ಅಡ್ಡದಾರಿಯಿಂದ ಓಡಿ ಮೊದಲೇ ಮನೆ ಸೇರಿ ಏನೂ ಗೊತ್ತಿಲ್ಲದವಳ ಹಾಗೆ ಬಾಗಿಲಲ್ಲಿ ನಿಲ್ಲಬೇಕು ಎಂದುಕೊಂಡೆ. ಸಿಟ್ಟೆಲ್ಲ ಇಳಿಯತೊಡಗಿತ್ತು. ನೀನು ಒಂದು ಗಳಿಗೆ ನಿಂತೆ. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡೆ. ಆಮೇಲೆ ಬಲಕ್ಕೆ ಹೊರಳಿದೆ. ಇಪ್ಪತ್ತು ಹೆಂಗಸರೂ ನಿನ್ನ ಹಿಂದೆ ಬಲಕ್ಕೆ ಹೊರಳಿದರು.

ಆದರೂ ನಾನು ಮನೆಗೆ ಓಡಿದೆ. ಯಾರಿಗೋ ಏನೋ ಬೇಕಾಗಿ ಪೇಟೆಗೆ ಹೋಗಿರಬಹುದು, ತಿರುಗಿ ಬರುತ್ತಾರೆ ಎಂದುಕೊಂಡೆ. ‘ಅವ್ವಾ, ಭೀಮಾ ಬಂದಾಳ, ಮಂದಿ ಕರಕೊಂಡು. ಹಿಟ್ಟು ನಾದು’ ಎಂದೆ. ಅವ್ವ ಕಡಲೆ ಹಸನು ಮಾಡುತ್ತ ಕೂತಿದ್ದಳು. ತಲೆ ಎತ್ತಲಿಲ್ಲ. ‘ಬರಂಗಿಲ್ಲ ಬಿಡು’ ಎಂದಳು. ನಾನೇ ಒಲೆ ಹೊತ್ತಿಸಿ ರೊಟ್ಟಿ ಬಡಿದೆ. ಬುಟ್ಟಿ ತುಂಬಿದ ಮೇಲೆ ನಮ್ಮವರನ್ನು ಬಸ್‌ಸ್ಟ್ಯಾಂಡಿಗೆ ಕಳಿಸಿದೆ. ಅವರು ಬಂದು, ‘ಟೆಂಪೋ ಹೋಗೇತಿ. ಖಾನಾವಳ್ಯಾಗ ಉಂಡು ಹ್ವಾದ್ರಂತ’ ಎಂದರು. ನಾನು ಒಲೆಯ ಮುಂದೆಯೇ ಕೂತು ಅತ್ತೆ. ‘ನಾ ನಿನ್ನ ಬಿಟ್ಟು ಹ್ವಾದ್ರೂ ನೀ ಇಷ್ಟು ಕುದೀತಿದ್ದಿಲ್ಲ’ ಎಂದು ನಮ್ಮವರು ಅಂದರು. ನಗಿಸಲಿಕ್ಕೆ ಅಂದದ್ದು. ಖರೇನೇ ಇರಬಹುದು.

ಒಂದು ಮಾತು ಬರೆಯಲೋ ಬೇಡವೋ ಎಂದು ಮುಂಜಾನೆಯಿಂದ ಯೋಚಿಸಿದ್ದೇನೆ. ಬರೆದೇ ಬಿಡುತ್ತೇನೆ. ಧಾರವಾಡದ ಹೆಂಗಸರ ಮುಂದೆ, ಆ ಸೀತಾಬಾಯಿಯ ಮುಂದೆ, ನಮ್ಮ ಕೇರಿ ನಿನಗೆ ನಾಚಿಕೆಯಾಯಿತೇ? ನಿಮ್ಮವರು ಪ್ರಭಂಜನರಾಯರಿಗೆ ವರ್ಗವಾಗಿ ನೀನು ಧಾರವಾಡದ ಅತ್ತೆಯ ಮನೆ ಸೇರಿ ಎಂಟು ತಿಂಗಳು. ಅಷ್ಟರಲ್ಲಿ ನಿನಗೂ ಮಡಿ ಬಂತೇ? ನಾನಿಲ್ಲದ ದಿನವನ್ನೇ ನೋಡಿ ಬಂದೆಯಲ್ಲ, ಅದಕ್ಕೆ ಬೇರೆ ಏನು ಕಾರಣ ಇದ್ದೀತು? ನನ್ನ ಜಾಗದಲ್ಲಿ ಇನ್ನೊಬ್ಬಳನ್ನು ನಿಲ್ಲಿಸಿಕೊಂಡರೆ ಹೊಟ್ಟೆಕಿಚ್ಚು ಪಟ್ಟು ಸುಮ್ಮನಾದೇನು. ಅವ್ವನ ರೊಟ್ಟಿಯ ಜಾಗದಲ್ಲಿ ಖಾನಾವಳಿ ಊಟ ಇಟ್ಟೆಯಲ್ಲ, ಅದನ್ನು ಹೇಗೆ ನುಂಗಲಿ?

ಗುರುವಾರ, ೬-೨-೧೯೮೬

ಮೇಲಿನದನ್ನು ಸೋಮವಾರವೇ ಡಬ್ಬಿಗೆ ಹಾಕಬೇಕಿತ್ತು. ಪಾಕೀಟು ಇರಲಿಲ್ಲ. ಪಾಕೀಟು ತಂದ ಮೇಲೂ ಎರಡು ದಿನ ಚೀಲದಲ್ಲಿ ಇಟ್ಟುಕೊಂಡು ಶಾಲೆಗೆ ಹೋಗಿ ಬಂದೆ.

ಇವತ್ತು ಸಂಜೆ ಅವ್ವ, ‘ಏನ್ ಬರದಿ ಅಷ್ಟುದ್ದ? ಓದು ಕೇಳೂಣು’ ಎಂದಳು. ಓದಿದೆ. ಮಿರ್ಚಿಯ ಮಾತಿಗೆ ನಕ್ಕಳು. ಮಡಿಯ ಮಾತು ಬಂದಾಗ ಕೈ ಅಡ್ಡ ಹಿಡಿದಳು.

‘ಹರಿ ಅದನ್ನ’ ಎಂದಳು.

‘ಯಾಕ ಹರೀಬೇಕು?’

‘ಆಕಿಗೆ ಬರಬ್ಯಾಡ ಅಂದಾಕಿ ನಾನು.’

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅವ್ವ ಕಾಲು ನೀಡಿ ಕೂತು ನಿಧಾನಕ್ಕೆ ಹೇಳಿದಳು. ನೀನು ಊರು ಬಿಡುವ ಮುಂಚಿನ ಕೊನೆಯ ನಡಿಗೆಯಲ್ಲಿ ಯಾರೋ ಒಬ್ಬಾಕೆ ತಾಟು ಹಿಡಿದು ಹಿತ್ತಲಿಗೆ ಹೋದಳಂತೆ. ಎರಡೂ ರೊಟ್ಟಿಯನ್ನು ಬಚ್ಚಲ ಹಿಂದೆ ಬೂದಿಯ ಗುಂಡಿಗೆ ಒಗೆದು, ಖಾಲಿ ತಾಟು ಹಿಡಿದು ಬಂದು, ‘ಭಾಳ ರುಚಿ ಅದರಿ’ ಅಂದಳಂತೆ. ನೀರು ತರಲು ಹೋದ ಅವ್ವ ಅದನ್ನು ನೋಡಿದಳು. ಅವಳ ಹಿಂದೆಯೇ ಬಂದ ನೀನೂ ನೋಡಿದೆ. ನಾನು ಆಗ ಪಡಸಾಲೆಯಲ್ಲಿ ಎಲ್ಲರಿಗೂ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳಿರೆಂದು ಒತ್ತಾಯ ಮಾಡುತ್ತಿದ್ದೆ. ನನಗೆ ನೆನಪಿದೆ. ಅವತ್ತು ನನ್ನಷ್ಟು ಸುಖಿ ಯಾರೂ ಇರಲಿಲ್ಲ.

‘ಅಳಬೇಕಾದಾಕಿ ನಾನು. ಅತ್ತಾಕಿ ಭೀಮಾಬಾಯಿ’ ಎಂದಳು ಅವ್ವ. ‘ಆಕೀನ ಹಿಡದು ಕೇಳತೇನಂತ ಹೊಂಟಿದ್ದಳು. ನಾನ ರಟ್ಟಿ ಹಿಡದು ನಿಲ್ಲಿಸಿ ಸಮಾಧಾನ ಮಾಡಬೇಕಾತು. ತಿನ್ನಾಕ ಮನಸಿಲ್ಲದ ಮಂದೀಗೆ ರೊಟ್ಟಿ ಬಡದು ನಾ ಯಾಕ ಕೈ ಸುಟ್ಟಗೋಬೇಕು? ನೀ ಒಬ್ಬಾಕಿ ಬಾ, ಮಂದೀನ ತರಬ್ಯಾಡ ಅಂದೆ. ಸಣ್ಣವ್ವಗ ಹೇಳಬ್ಯಾಡ, ಆಣಿ ಐತಿ ಅಂದೆ. ಹೇಳಿದ್ದರ ನೀ ಅಡ್ಡಾಡೂದ ಬಿಟ್ಟು ಮೂಲಿ ಹಿಡದು ಕುಂದರತಿದ್ದಿ.’

ಹಾಗಾದರೆ ನಾನಿಲ್ಲದ ದಿನ ನೋಡಿ ಬಂದದ್ದು ಇದಕ್ಕೆ. ನಾನಿದ್ದರೆ ಬೇವಿನ ಗಿಡದ ಹತ್ತಿರ ಎಡಕ್ಕೆ ಎಳೆಯುತ್ತಿದ್ದೆ. ನನ್ನ ಮುಖ ನೋಡಿ ನಿನಗೆ ಸುಳ್ಳು ಹೇಳಲು ಬರುವುದಿಲ್ಲ.

ಸಮಾಧಾನವಾಗಬೇಕಿತ್ತಲ್ಲವೇ? ಆಗಲಿಲ್ಲ ಭೀಮಾ. ನಾಚಿಕೆಯಾಯಿತು, ಆ ಹೆಂಗಸಿನ ಮೇಲೆ ಸಿಟ್ಟು ಬಂತು, ಬಚ್ಚಲ ಹಿಂದೆ ಹೋಗಿ ಆ ಬೂದಿಗುಂಡಿಯನ್ನು ನೋಡಿಕೊಂಡು ನಿಂತೆ. ಅಲ್ಲಿ ನಿಂತಾಗ ಮತ್ತೊಂದು ಹೊಟ್ಟೆಕಿಚ್ಚು ಹುಟ್ಟಿತು. ನನ್ನ ಹಡೆದವ್ವ ತನ್ನ ಅಪಮಾನವನ್ನು ಎಂಟು ತಿಂಗಳು ನಿನ್ನ ಹತ್ತಿರ ಇಟ್ಟಿದ್ದಳು, ನನ್ನ ಹತ್ತಿರ ಅಲ್ಲ. ಒಳಗೆ ಬಂದು ಅದನ್ನೇ ಕೇಳಿದೆ. ‘ಆಕಿ ನೋಡಿದ್ದಳು, ಅದಕ್ಕ ಹೇಳಿದೆ’ ಎಂದಳು. ಇಷ್ಟೇ. ಅವಳಿಗೆ ಅದರಲ್ಲಿ ಏನೂ ದೊಡ್ಡದು ಕಾಣಲಿಲ್ಲ.

ಅವ್ವ ಹೇಳಿದರೂ ಮೇಲಿನದನ್ನು ನಾನು ಹರಿದಿಲ್ಲ. ನಿನ್ನ ಬಗ್ಗೆ ನಾನು ಹೀಗೂ ಯೋಚಿಸಬಲ್ಲೆ ಎಂಬುದು ನಿನಗೆ ಗೊತ್ತಿರಲಿ. ಬೇಕಾದರೆ ಬೈ, ಬೈದು ಬರೆ. ಆದರೆ ಒಂದು ಮಾತು ನಿನಗೂ ಅವ್ವನಿಗೂ ಕೂಡಿಯೇ ಹೇಳುತ್ತೇನೆ. ಆ ಬಾಗಿಲು ನನ್ನದೂ ಹೌದು. ಅದನ್ನು ಮುಚ್ಚುವುದನ್ನು ನೀವಿಬ್ಬರೇ ಹಿತ್ತಲಲ್ಲಿ ನಿಂತು ಹೇಗೆ ತೀರ್ಮಾನ ಮಾಡಿದಿರಿ? ನನಗೆ ನೋವಾಗಬಾರದೆಂದು ಮುಚ್ಚಿಟ್ಟಿರಿ. ಗಿರಣಿಯ ಹಿಂದೆ ನಿಂತು ನೀನು ಬಲಕ್ಕೆ ಹೊರಳಿದ್ದನ್ನು ನೋಡಿದಾಗ ಆದ ನೋವು ಅದಕ್ಕಿಂತ ಸಣ್ಣದೇ?

ಅವ್ವನ ಜೊತೆ ದೀಪ ಹಚ್ಚುವವರೆಗೂ ಜಗಳಾಡಿದೆ. ‘ಅವ್ವಾ, ಒಗದಾಕಿ ಒಬ್ಬಾಕಿ. ಉಂಡವರು ಎಷ್ಟು ಮಂದಿ? ಒಬ್ಬಾಕಿ ಸಲುವಾಗಿ ನಮ್ಮ ಮನೀ ಬಾಗಲಾ ನಾವ ಹಾಕ್ಕೊಂಡ್ರ ಆಕೀದ ಗೆದ್ದಂಗಾತಲ್ಲ’ ಎಂದೆ. ಅವ್ವ ದೀಪದ ಬತ್ತಿ ಏರಿಸಿದಳು. ಆಮೇಲೆ, ‘ಹಂಗಾದ್ರ ಮೊದಲ ಕೇಳ್ರಿ. ಬಸ್‌ಸ್ಟ್ಯಾಂಡಿನ್ಯಾಗ ನಿಂತು, ಯಾರ ಮನಿ, ಯಾವ ಕೇರಿ, ಬಾಯಿಬಿಟ್ಟು ಹೇಳ್ರಿ. ಉಣ್ಣಾಕ ಮನಸಿದ್ದವರು ಕೈ ಎತ್ತಲಿ. ಇಲ್ಲದವರು ಖಾನಾವಳಿಗೆ ಹೋಗಲಿ. ಎತ್ತಿದಷ್ಟು ಕೈ, ಅಷ್ಟ ರೊಟ್ಟಿ’ ಎಂದಳು.

ಮಾರ್ಚ್ ಎರಡನೇ ತಾರೀಖು ರವಿವಾರ ಬೀಳುತ್ತದೆ. ನಿಮ್ಮ ಮಂಡಳದವರನ್ನು ಕರೆದುಕೊಂಡು ಬಾ. ಗುಡ್ಡದ ಕಥೆ ನೀನೇ ಹೇಳು. ಭರಮಪ್ಪನ ಅಂಗಡಿಯ ಮುಂದೆ ನಾನು ಮಾತಾಡುತ್ತೇನೆ, ಅಲ್ಲಿ ನೀನು ಬಾಯಿ ತೆರೆಯಕೂಡದು. ನಮ್ಮ ಕೇರಿಯ ಹೆಸರನ್ನು ಬಸ್‌ಸ್ಟ್ಯಾಂಡಿನಲ್ಲಿ ನಾನೇ ಗಟ್ಟಿಯಾಗಿ ಹೇಳುವವಳು. ಒಂದೇ ಕೈ ಎದ್ದರೂ ಒಲೆ ಹೊತ್ತುತ್ತದೆ. ನಿನ್ನ ಸೀತಾಬಾಯಿ ಎಲ್ಲರಿಗಿಂತ ಮೊದಲು ಕೈ ಎತ್ತಿದರೆ ನನಗೆ ಇನ್ನಷ್ಟು ಉರಿಯುತ್ತದೆ. ಎತ್ತಲಿ. ಅವಳ ತಾಟಿಗೆ ತುಪ್ಪ ನಾನೇ ಹಾಕುತ್ತೇನೆ, ಆದರೆ ನಗುತ್ತೇನೆಂದು ಮಾತು ಕೊಡಲಾರೆ.

ಪ್ರಭಂಜನರಾಯರಿಗೆ ನಮಸ್ಕಾರ ತಿಳಿಸು. ನಿನ್ನ ಅತ್ತೆಯವರಿಗೂ.

ಇನ್ನೂ ಸಿಟ್ಟಿಳಿಯದ,
ನಿನ್ನ ಸಣ್ಣವ್ವ

ತಾ.ಕ.: ಒಂದು ದಿನ ಮೊದಲೇ, ಶನಿವಾರ ಸಂಜೆಯೇ ನೀನೊಬ್ಬಳೇ ಬಂದು ನಮ್ಮಲ್ಲಿ ಉಳಿಯಬೇಕೆಂದು ಅವ್ವ ಹೇಳಿದ್ದಾಳೆ ಎಂದು ಬರೆಯಲು ಹೊರಟಿದ್ದೆ. ಅವ್ವ ಹಾಗೇನೂ ಹೇಳಿಲ್ಲ. ಸೀತಾಬಾಯಿ ರವಿವಾರ ಮುಂಜಾನೆ ಟೆಂಪೋದಲ್ಲಿ ಬಂದರೆ ಸಾಕು.