ಅಜ್ಜಿಯ ಬಾಗಿಲ ಸಂದಿ

ನವೆಂಬರ್ ೯, ಭಾನುವಾರ

ಪ್ರೀತಿಯ ಗುಬ್ಬಿ,

ಹೇಗಿದ್ದೀಯಾ? ನೀನು ಫೋನ್ ಮಾಡಿದಾಗಲೆಲ್ಲ ನಾನು ಎತ್ತಲಿಲ್ಲ, ಕಾಗದಕ್ಕೂ ಉತ್ತರ ಹಾಕಲಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ನನ್ನ ಬಾಯಿ ನನ್ನ ಮಾತೇ ಕೇಳುವುದಿಲ್ಲ ಎಂಬುದು ನಿನಗೆ ಗೊತ್ತಲ್ಲ. ಕಾಗದವಾದರೆ ಹರಿದು ಇನ್ನೊಂದು ಬರೆಯಬಹುದು. ಹಾಗೆ ಹರಿದದ್ದೆಲ್ಲ ಕಸದ ಬುಟ್ಟಿಯಲ್ಲಿದೆ. ನಮ್ಮ ಯಜಮಾನರು ಬುಟ್ಟಿ ನೋಡಿ, "ಪರಿಸರ ಉಳಿಸೋ ಪ್ರೊಫೆಸರ್ ನೋಡಪ್ಪ ಇವಳು!" ಎಂದು ಗೋಡೆಗೆ ಹೇಳಿ ಹೋದರು.

ನಿನಗೆ ನಿನ್ನದೇ ಪ್ರಯೋಗಾಲಯ ಸಿಕ್ಕಿತಂತೆ. ಸಂತೋಷ. ಏಳು ವರ್ಷ ನನ್ನ ಬೆನ್ನ ಹಿಂದೆ "ಮೇಡಂ, ಮೇಡಂ" ಎಂದು ಓಡಾಡುತ್ತಿದ್ದ ಹುಡುಗಿ ಈಗ ತಾನೇ ಮೇಡಂ!

ನಮ್ಮ ಹೊಸ ಕಟ್ಟಡವೂ ಬಲು ಜೋರಾಗಿದೆ. ಬಾಗಿಲ ಮೇಲೆ 'ಶಕ್ತಿ ಮತ್ತು ಪರಿಸರಕ್ಕೆ ಹೊಸ ವಸ್ತುಗಳ ಕೇಂದ್ರ' ಎಂದು ಹಿತ್ತಾಳೆಯ ಅಕ್ಷರಗಳು. ಒಳಗೆ ಕಿಟಕಿ ತೆರೆಯುವುದಿಲ್ಲ, ಹಗಲೆಲ್ಲ ದೀಪ ಉರಿಯಬೇಕು. ನೀನು 'ಅಜ್ಜಿ' ಎಂದು ಹೆಸರಿಟ್ಟಿದ್ದ, ಪುಡಿ ಕಾಯಿಸುವ ಆ ಹಳೆಯ ಫರ್ನೇಸನ್ನು ಸಾಮಾನು ಸಾಗಿಸುವಾಗ ಗುಜರಿಗೆ ಹಾಕಿಬಿಟ್ಟರು. ನಾನು ಆಗ ಊರಲ್ಲಿರಲಿಲ್ಲ. ಬಂದು ನೋಡಿದರೆ ಅಜ್ಜಿ ಕೂತಿದ್ದ ಜಾಗದಲ್ಲಿ ಸುಟ್ಟ ಕಲೆಯೊಂದಿತ್ತು.

ಕಷ್ಟ ಶುರುವಾದದ್ದು ಅಲ್ಲಿಂದಲೇ. ಅಜ್ಜಿಯ ಹೊಟ್ಟೆಯಲ್ಲಿ ಬೆಂದ ನಮ್ಮ ಪುಡಿ ನಿಂಬೆಹಣ್ಣಿನ ಬಣ್ಣಕ್ಕೆ ಬರುತ್ತಿತ್ತು. ನೀರಿಗೆ ಹಾಕಿ ಬಿಸಿಲಿಗಿಟ್ಟರೆ ಜಲಜನಕದ ಗುಳ್ಳೆಗಳು ಏಳುತ್ತಿದ್ದವು. ಹೊಗೆಯಿಲ್ಲದ ಇಂಧನ, ಅದೂ ಬರೀ ನೀರು ಮತ್ತು ಬಿಸಿಲಿನಿಂದ! ಹೊಸ ಫರ್ನೇಸಿನಲ್ಲಿ ಬಂದದ್ದು ಕಂದು ಪುಡಿ. ಬಿಸಿಲಿಗಿಟ್ಟರೂ ಅಷ್ಟೇ, ಕೈಮುಗಿದರೂ ಅಷ್ಟೇ. ನಮ್ಮ ಲೇಖನ ಓದಿ ಮಾಡಿನೋಡಿದ ಬೇರೆ ಊರಿನವರಿಗೂ ಗುಳ್ಳೆ ಬರಲಿಲ್ಲ. ಯಾರೋ ದೂರು ಕೊಟ್ಟರು, ವಿಚಾರಣಾ ಸಮಿತಿ ಕೂತಿತು. ನಮ್ಮ ಲೇಖನ ಸುಳ್ಳು ಎಂದಾದರೆ ನನ್ನ ಇಡೀ ಬದುಕಿನ ಕೆಲಸಕ್ಕೇ ಮಸಿ.

ಸಮಿತಿಯ ಅಧ್ಯಕ್ಷರು, "ಆ ಗುಳ್ಳೆಗಳನ್ನ ನೀವೊಬ್ರೇ ನೋಡಿದ್ದಾ?" ಎಂದರು.

"ಇಲ್ಲ ಸರ್, ನನ್ನ ವಿದ್ಯಾರ್ಥಿನಿಯೂ ನೋಡಿದ್ದಾಳೆ" ಎಂದೆ.

"ಸರಿ ಬಿಡಿ, ಅವರನ್ನೇ ಕೇಳೋಣ."

ಅಬ್ಬ, ಗೆದ್ದೆ ಎಂದುಕೊಂಡೆ ಕಣೇ. ಮೊದಲ ಗುಳ್ಳೆ ಎದ್ದಾಗ "ಬಂತು ಮೇಡಂ, ಬಂತು!" ಎಂದು ಕುಣಿದು ನನ್ನ ಕೋಟಿನ ಮೇಲೆ ಚಹಾ ಚೆಲ್ಲಿದವಳು ನೀನು. ಆ ಕಲೆ ಇನ್ನೂ ಹೋಗಿಲ್ಲ.

ಅಷ್ಟರಲ್ಲಿ ನನಗೆ ಬಾಗಿಲು ನೆನಪಾಯಿತು. ನೀನು ಸಿಲಿಂಡರಿನ ಗಾಡಿ ಗುದ್ದಿಸಿ ಅಜ್ಜಿಯ ಬಾಗಿಲಿನ ಕೀಲು ಬಗ್ಗಿಸಿದ್ದೆಯಲ್ಲ! ಸ್ಟೋರಿನವರು ಕೂಗಾಡುತ್ತಾರೆಂದು ನೀನು ಗಳಗಳ ಅತ್ತೆ. ನಾನೇ ಗುದ್ದಿದೆ ಎಂದು ನಾನು ಬೈಸಿಕೊಂಡೆ. ಆಮೇಲೆ ಸಂದಿಗೆ ಗಾಜಿನ ನಾರಿನ ಹಗ್ಗ ತುರುಕಿ ಕೆಲಸ ಸಾಗಿಸಿದೆವು. ಲೇಖನದಲ್ಲಿ 'ಗಾಳಿ ತಾಗದಂತೆ ಕಾಯಿಸಲಾಯಿತು' ಎಂದು ಬರೆದೆವು, ಹಾಗೇ ನಂಬಿಯೂ ಇದ್ದೆವು. ಪಾಪ, ಆ ಸಂದಿಯಿಂದ ಅಜ್ಜಿ ಚೂರುಚೂರು ಗಾಳಿ ಎಳೆದುಕೊಳ್ಳುತ್ತಿದ್ದಳು. ಪುಡಿಗೆ ಬೇಕಾಗಿದ್ದದ್ದು ಅದೇ.

ಹೊಸ ಫರ್ನೇಸಿನ ಬಾಗಿಲನ್ನು ಕೂದಲೆಳೆಯಷ್ಟು ತೆರೆದಿಟ್ಟು ಕಾಯಿಸಿದೆ. ನಿಂಬೆಹಣ್ಣಿನ ಬಣ್ಣ! ಗುಳ್ಳೆ! ಒಬ್ಬಳೇ ನಿಂತು ಅತ್ತೆ, ನಕ್ಕೆ. ಅಧ್ಯಕ್ಷರ ಕೋಣೆಗೆ ಓಡಿದೆ.

"ಈಗ ಬಾಗಿಲಿನ ಕಥೆ ಹೇಳ್ತೀರಲ್ಲ ಮೇಡಂ. ಹಳೇದು ಗುಜರಿಗೆ ಹೋಯ್ತು. ಬಾಗಿಲು ಕೆಟ್ಟಿತ್ತು ಅನ್ನೋಕೆ ಯಾರಿದ್ದಾರೆ?"

"ಅವಳಿದ್ದಾಳಲ್ಲ!"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಿನ್ನ ಉತ್ತರ ಬಂದಿತ್ತು. ಗುಳ್ಳೆ ಎದ್ದದ್ದು ನೆನಪಿಲ್ಲ, ಫರ್ನೇಸಿನಲ್ಲಿ ದೋಷವಿದ್ದದ್ದೂ ನೆನಪಿಲ್ಲ ಎಂದು ಬರೆದಿದ್ದೆ.

ಕೆಲಸದ ಒತ್ತಡ, ಮರೆತಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಲೇಖನ ಹಿಂತೆಗೆದುಕೊಳ್ಳಲು ಹೇಳಿದ್ದಾರೆ, ಸಹಿ ಹಾಕಿದ್ದೇನೆ. ಪ್ರಯೋಗಾಲಯದ ಬೀಗದ ಕೈ ನಾಳೆ ಕೊಡಬೇಕು. ಯಜಮಾನರು, "ಬಿಡು, ಇನ್ನು ಮೇಲಾದ್ರೂ ಮನೇಲಿ ಬಿಸಿ ಬಿಸಿ ಊಟ ಸಿಗುತ್ತೆ" ಎಂದರು. ತಮಾಷೆ ಮಾಡಿ ನಗಿಸಲು ನೋಡಿದರು, ಆಮೇಲೆ ತಾವೇ ಹೋಗಿ ಅನ್ನಕ್ಕಿಟ್ಟರು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಆಸಿಡ್ ಮುಟ್ಟುವಾಗ ಕೈಗವಸು ಮರೆಯಬೇಡ, ಅದು ನಿನ್ನ ಹಳೇ ಚಾಳಿ. ನಿನ್ನ ಕೈಕೆಳಗೆ ಕಲಿಯುವವರು ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ. ನೂರು ಕಾಲ ಸುಖವಾಗಿರು.

ನಿನ್ನ
ಮೇಡಂ

ಮರೆತಿದ್ದೆ: ಅಧ್ಯಕ್ಷರು ನಿನ್ನ ಹೊಸ ಲೇಖನವನ್ನೂ ತೋರಿಸಿದರು. ಅದೇ ಪುಡಿ. 'ಕಾಯಿಸುವಾಗ ಬಾಗಿಲನ್ನು ತುಸು ಸಡಿಲ ಬಿಡಬೇಕು' ಎಂದು ಬರೆದಿದ್ದೀಯ. ನನ್ನ ಹೆಸರು ಎಲ್ಲೂ ಇಲ್ಲ. "ಬಾಗಿಲಿನ ಉಪಾಯ ಇಲ್ಲಿಂದ ಎತ್ತಿದ್ರಾ ಮೇಡಂ?" ಎಂದು ಕೇಳಿದರು. ಲೇಖನ ಮಡಿಸಿ ಅವರ ಕೈಗೇ ಕೊಟ್ಟೆ. ಕೊನೆಗೆ, "ಹೋಗಲಿ, ಆ ಹಳೇ ಬಾಗಿಲು ಕೆಡಿಸಿದ್ದು ಯಾರು, ಅದನ್ನಾದ್ರೂ ಹೇಳಿ" ಎಂದರು.

"ನಾನೇ" ಅಂದೆ.